19ನೇ ಶತಮಾನದ ಅಮೆರಿಕದ ಸ್ಟ್ಯಾಂಪುಗಳನ್ನು ಹರಾಜಿನಲ್ಲಿ ಕೊಳ್ಳುವ ಆಸೆ. ಯಾವುದರಿಂದ ಶುರು ಮಾಡಲಿ?

ಯಾವುದನ್ನು ಕೊಳ್ಳಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಗ್ರಿಲ್ ಇರುವ ಸ್ಟ್ಯಾಂಪಿನ ತಂಟೆಗೆ ಈಗಲೇ ಹೋಗಬೇಡಿ. ನಾನು ಹೋಗಿ ಕೈ ಸುಟ್ಟುಕೊಂಡವನು.

ಗ್ರಿಲ್ ಅಂದರೆ ಕಾಗದಕ್ಕೆ ಒತ್ತಿದ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಜನ ಸೀಲಿನ ಶಾಯಿ ತೊಳೆದು ಅದೇ ಸ್ಟ್ಯಾಂಪನ್ನು ಮತ್ತೆ ಅಂಟಿಸುತ್ತಾರೆ ಅನ್ನುವ ಭಯ ಅಲ್ಲಿನ ಅಂಚೆ ಇಲಾಖೆಗಿತ್ತು. ಕಾಗದದ ನಾರು ಒಡೆದಿದ್ದರೆ ಶಾಯಿ ಒಳಗೆ ಇಳಿಯುತ್ತದೆ, ತೊಳೆದರೂ ಹೋಗುವುದಿಲ್ಲ ಎಂದು 1867ರಲ್ಲಿ ಇದನ್ನು ಶುರು ಮಾಡಿದರು. ಕೆಲವೇ ವರ್ಷ ನಡೆಯಿತು.

ಚುಕ್ಕಿಗಳ ಅಳತೆ ನೋಡಿ ಸಂಗ್ರಾಹಕರು ಎ, ಬಿ, ಸಿ ಅಂತ ಹೆಸರಿಟ್ಟಿದ್ದಾರೆ. 1 ಸೆಂಟಿನ ಫ್ರಾಂಕ್ಲಿನ್ ಸ್ಟ್ಯಾಂಪಿನಲ್ಲಿ ಝಡ್ ಗ್ರಿಲ್ ಇರುವುದು ಎರಡೇ ಎರಡು ಗೊತ್ತಿವೆ. ಒಂದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯದು. ಬಿಲ್ ಗ್ರಾಸ್ ಅನ್ನುವ ಸಂಗ್ರಾಹಕರ ಹತ್ತಿರವಿದ್ದ ಇನ್ನೊಂದು 2024ರ ಜೂನ್‌ನಲ್ಲಿ ಸೀಗಲ್ ಅನ್ನುವ ಹರಾಜು ಸಂಸ್ಥೆಯಲ್ಲಿ 43.66 ಲಕ್ಷ ಡಾಲರಿಗೆ ಹೋಯಿತು. ಅದೇ ಚಿತ್ರದ, ಗ್ರಿಲ್ ಇಲ್ಲದ, ಬಳಸಿದ ಸ್ಟ್ಯಾಂಪು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತದೆ. ಇಷ್ಟು ಅಂತರ ಇರುವಾಗ ಮನೆಯಲ್ಲೇ ಚುಕ್ಕಿ ಒತ್ತುವವರು ಹುಟ್ಟದೆ ಇರುತ್ತಾರಾ?

ನಾನು ಕೊಂಡದ್ದು 3 ಸೆಂಟಿನ ವಾಷಿಂಗ್ಟನ್. ಹರಾಜಿನವರು ಮುಂಭಾಗದ ಫೋಟೋ ಮಾತ್ರ ಹಾಕಿದ್ದರು, ನಾನೂ ಹಿಂಭಾಗದ್ದು ಕೇಳಲಿಲ್ಲ. ಆಮೇಲೆ ಪರೀಕ್ಷೆಗೆ ಕಳಿಸಿದೆ. ಸ್ಟ್ಯಾಂಪು ಅಸಲಿ, ಗ್ರಿಲ್ ನಕಲಿ ಅಂತ ಸರ್ಟಿಫಿಕೇಟ್ ಬಂತು. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿತ್ತು.

ಹಾಗಾಗಿ ಸ್ಟ್ಯಾಂಪು ಅಸಲಿಯಾ ಅಂತ ಪರೀಕ್ಷಿಸುವ ಫಿಲಾಟೆಲಿಕ್ ಫೌಂಡೇಶನ್ ತರಹದವರ ಸರ್ಟಿಫಿಕೇಟ್ ಇಲ್ಲದ ದುಬಾರಿ ಲಾಟ್ (ಹರಾಜಿಗಿಟ್ಟ ವಸ್ತು) ಕಂಡರೆ, ಪರೀಕ್ಷೆ ಆಗುವ ತನಕ ಗಡುವು ಮುಂದೆ ಹಾಕುತ್ತೀರಾ ಅಂತ ಬಿಡ್ ಮಾಡುವ ಮೊದಲೇ ಬರೆದು ಕೇಳಿ. ಗೆದ್ದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಹಾಂ, ಸುತ್ತಿಗೆ ಬಿದ್ದ ಬೆಲೆಯ ಮೇಲೆ ಪ್ರೀಮಿಯಂ, ಅಂದರೆ ಹರಾಜಿನವರ ಶುಲ್ಕ, ಬೇರೆ ಇರುತ್ತದೆ. 18% ಅಂದರೆ 100 ಡಾಲರಿಗೆ ಕೂಗಿದ್ದು 118. ಅಂಚೆ ಖರ್ಚು, ತೆರಿಗೆ ಆಮೇಲೆ.

ಶುರುವಿಗೆ ನನ್ನ ಆಯ್ಕೆ 1847ರ 5 ಸೆಂಟಿನ ಫ್ರಾಂಕ್ಲಿನ್, ಬಳಸಿದ್ದು. ಇಡೀ ಅಮೆರಿಕಕ್ಕೆ ಅಂತ ಬಂದ ಮೊದಲ ಸ್ಟ್ಯಾಂಪುಗಳಲ್ಲಿ ಒಂದು, ಕಂದು ಬಣ್ಣ. ಗ್ರಿಲ್ ಇಲ್ಲ, ಅಂಚಿನಲ್ಲಿ ಹಲ್ಲೂ ಇಲ್ಲ, ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ನಾಲ್ಕೂ ಕಡೆ ಬಿಳಿ ಅಂಚು ಉಳಿದಿದೆಯಾ ನೋಡಿ. 1875ರಲ್ಲಿ ಸರ್ಕಾರವೇ ಇದರ ಮರುಪ್ರತಿ ಮಾಡಿಸಿತ್ತು. ಅಸಲಿಯಲ್ಲಿ ಫ್ರಾಂಕ್ಲಿನ್ ಅಂಗಿಯ ಬಿಳಿ ನೆರಿಗೆ ಎಡಗಡೆ ಚೌಕಟ್ಟಿಗೆ ತಾಗುವ ಜಾಗ ಕೆಳಗಿನ 'ಫೈವ್' ಪದದ ಮೊದಲ ಅಕ್ಷರದ ತಲೆಯ ಮಟ್ಟಕ್ಕಿರುತ್ತದೆ. ಮರುಪ್ರತಿಯಲ್ಲಿ 5 ಅಂಕಿಯ ತಲೆಯ ಮಟ್ಟಕ್ಕೆ.

ಪೆನ್ನಿನಲ್ಲಿ ಗೀಟು ಎಳೆದು ರದ್ದು ಮಾಡಿದ್ದು ಸೀಲು ಹೊಡೆದದ್ದಕ್ಕಿಂತ ಅಗ್ಗ. ನಾಚಿಕೊಳ್ಳದೆ ಅದನ್ನೇ ತೆಗೆದುಕೊಳ್ಳಿ. ಬಳಸದ ಸ್ಟ್ಯಾಂಪಿಗೆ ಬೆಲೆ ಜಾಸ್ತಿ ಅಲ್ವಾ, ಅದಕ್ಕೇ ಆ ಗೀಟನ್ನು ತೊಳೆದು ಹೊಸದು ಅಂತ ಮಾರುವವರಿದ್ದಾರೆ. ಅಂಚೆ ಇಲಾಖೆ ಹೆದರಿದ್ದ ಅದೇ ತೊಳೆಯುವ ವಿದ್ಯೆ! ಗೀಟು ಇರುವ ಸ್ಟ್ಯಾಂಪನ್ನು ಇನ್ನೂ ಯಾರೂ ತೊಳೆದಿಲ್ಲ ಅಂತಲಾದರೂ ಗೊತ್ತಿರುತ್ತದೆ.