ಓದುಗರ ಪ್ರಶ್ನೆ: ಮೆಮೊರಿ ಮ್ಯಾಪ್‌ನಲ್ಲಿ ಡಿವೈಸ್ ಯಾಕೆ ಕಾಣಲ್ಲ?

ಪ್ರಶ್ನೆ: ಸರ್, ಕಲಿಯೋಕೆ ಅಂತ ಸಣ್ಣ ಕರ್ನಲ್ ಬರೀತಿದೀನಿ. ಬಯೋಸ್‌ನಿಂದ ಇ820 ಮ್ಯಾಪ್ (ಯಾವ ಅಡ್ರೆಸ್‌ನಲ್ಲಿ ಯಾವ ಮೆಮೊರಿ ಅನ್ನೋ ಪಟ್ಟಿ) ತಗೊಂಡು ಅದ್ರಲ್ಲಿರೋದನ್ನೆಲ್ಲ ಪೇಜ್ ಟೇಬಲ್‌ಗೆ ಹಾಕ್ದೆ, ಆದ್ರೆ ಫ್ರೇಮ್‌ಬಫರ್ (ಸ್ಕ್ರೀನ್ ಚಿತ್ರ ಇರೋ ಮೆಮೊರಿ) ಮುಟ್ಟಿದ ತಕ್ಷಣ ಪೇಜ್ ಫಾಲ್ಟ್, ಅಂದ್ರೆ ಆ ಅಡ್ರೆಸ್ ಪೇಜ್ ಟೇಬಲ್ಲಲ್ಲಿಲ್ಲ ಅನ್ನೋ ಎರರ್. ನೋಡಿದ್ರೆ ಆ ಅಡ್ರೆಸ್ಸೇ ಮ್ಯಾಪ್‌ನಲ್ಲಿಲ್ಲ. ಫರ್ಮ್‌ವೇರ್ ಬಗ್ಗಾ? ಮ್ಯಾಪ್‌ನಲ್ಲಿಲ್ಲದ ಜಾಗ ಖಾಲಿ ಅಂದ್ಕೋಬಹುದಾ?

ಉತ್ತರ: ಬಗ್ ಅಲ್ಲ, ಅದು ಇರೋದೇ ಹಾಗೆ. ಇ820 ಮುಖ್ಯವಾಗಿ ಹೇಳೋದು ರ‍್ಯಾಮ್ ಎಲ್ಲೆಲ್ಲಿದೆ, ಅದ್ರಲ್ಲಿ ಯಾವುದನ್ನ ಮುಟ್ಟಬಾರದು ಅಂತ ಅಷ್ಟೇ. ಪಿಸಿಐ ಡಿವೈಸ್‌ಗಳ ಮೆಮೊರಿನ ಬಯೋಸ್ ಇದ್ರಲ್ಲಿ ಕೊಡಲ್ಲ, ಅವನ್ನ ಹುಡುಕೋಕೆ ಓಎಸ್‌ಗೆ ಬೇರೆ ದಾರಿ ಇದೆ ಅಂತ ಎಸಿಪಿಐ (ಫರ್ಮ್‌ವೇರ್ ಓಎಸ್‌ಗೆ ಹಾರ್ಡ್‌ವೇರ್ ವಿವರ ಕೊಡೋ ಪದ್ಧತಿ) ಸ್ಪೆಸಿಫಿಕೇಶನ್ನಲ್ಲೇ ಬರ್ದಿದಾರೆ. ಆ ದಾರಿ ಅಂದ್ರೆ ಡಿವೈಸಿನ ಅಡ್ರೆಸ್ ಇಟ್ಕೊಂಡಿರೋ ಪಿಸಿಐ ಬಾರ್ ರಿಜಿಸ್ಟರ್‌ಗಳು, ಇಂಟರಪ್ಟ್ ಹಂಚೋ ಐಓ ಎಪಿಕ್‌ಗೆ ಎಸಿಪಿಐನ ಎಂಎಡಿಟಿ ಟೇಬಲ್ಲು, ಪಿಸಿಐ ಎಕ್ಸ್‌ಪ್ರೆಸ್ ಕಾನ್ಫಿಗರೇಶನ್ ಜಾಗಕ್ಕೆ ಎಂಸಿಎಫ್‌ಜಿ. ನಿಮ್ಮ ಫ್ರೇಮ್‌ಬಫರ್ ಅಡ್ರೆಸ್ಸು ವಿಬಿಇ (ಬಯೋಸಿನ ವಿಡಿಯೋ ಸೌಲಭ್ಯ) ಮೋಡ್ ಮಾಹಿತಿಯಲ್ಲೋ ವಿಡಿಯೋ ಕಾರ್ಡಿನ ಬಾರ್‌ನಲ್ಲೋ ಸಿಗುತ್ತೆ, ಅದನ್ನ ಡ್ರೈವರ್ರೇ ಬೇರೆಯಾಗಿ ಮ್ಯಾಪ್ ಮಾಡ್ಕೋಬೇಕು.

ಎರಡನೇದಕ್ಕೆ, ಖಂಡಿತ ಬೇಡ! ಪಟ್ಟಿಲಿಲ್ಲ ಅಂದ್ರೆ ಅದು ರ‍್ಯಾಮ್ ಅಲ್ಲ ಅಂತ ಮಾತ್ರ ಅರ್ಥ, ಖಾಲಿ ಅಂತಲ್ಲ. 4 ಜಿಬಿಗಿಂತ ಸ್ವಲ್ಪ ಕೆಳಗೆ ಒಂದು ದೊಡ್ಡ ಕಿಂಡಿ ಕಾಣುತ್ತಲ್ಲ, ಬಾರ್‌ಗಳು ಎಪಿಕ್ಕು ಫರ್ಮ್‌ವೇರ್ ಫ್ಲ್ಯಾಶು ಎಲ್ಲ ಕೂತಿರೋದು ಅಲ್ಲೇ, ಅಲ್ಲಿರಬೇಕಾಗಿದ್ದ ರ‍್ಯಾಮನ್ನ ಚಿಪ್‌ಸೆಟ್ಟು 4 ಜಿಬಿ ಮೇಲಕ್ಕೆ ಸರಿಸಿರುತ್ತೆ. ಹೊಸ ಬಾರ್‌ಗೆ ಜಾಗ ಬೇಕಿದ್ರೆ ಹೋಸ್ಟ್ ಬ್ರಿಡ್ಜ್ (ಸಿಪಿಯುನ ಪಿಸಿಐಗೆ ಜೋಡಿಸೋ ಭಾಗ) ಬಗ್ಗೆ ಎಸಿಪಿಐ ಕೊಡೋ ಅಡ್ರೆಸ್ ವಿಂಡೋ ಒಳಗೇ ಹುಡುಕಿ, ಅದ್ರಲ್ಲೂ ರಿಸರ್ವ್ಡ್ ಅಂತ ಬಂದಿರೋದನ್ನ ಬಿಟ್ಟು.

ಯುಇಎಫ್‌ಐನಲ್ಲಿ (ಬಯೋಸ್ ಜಾಗಕ್ಕೆ ಬಂದಿರೋ ಹೊಸ ಫರ್ಮ್‌ವೇರ್) ಕೊಡೋ ಮ್ಯಾಪಲ್ಲಿ 11ನೇ ಟೈಪು ಮೆಮೊರಿ ಮ್ಯಾಪ್ಡ್ ಐಓ ಅಂತ ಇದೆಯಲ್ಲ, ಅಂತ ನೀವು ಕೇಳಬಹುದು. ಇದೆ, ಆದ್ರೆ ಅದು ಫರ್ಮ್‌ವೇರಿನ ರನ್‌ಟೈಮ್ ಸರ್ವಿಸ್‌ಗೆ ಬೇಕಾದ ಜಾಗಗಳಿಗೆ, ಓಎಸ್ ಇದನ್ನ ಮ್ಯಾಪ್ ಮಾಡ್ಕೊಡಲಿ ಅನ್ನೋಕೆ. ಡಿವೈಸ್‌ಗಳ ಪೂರ್ತಿ ಪಟ್ಟಿ ಅಲ್ವೇ ಅಲ್ಲ, ತುಂಬ ಜನ ಎಡವೋದು ಇಲ್ಲೇ. ಇನ್ನೊಂದು, ಆ ಮ್ಯಾಪಿನ ಎಂಟ್ರಿಗಳಲ್ಲಿ ಕ್ಯಾಶ್ ಬಳಕೆ ಬಗ್ಗೆ ಇರೋ ಅನ್‌ಕ್ಯಾಶ್ಡ್, ರೈಟ್‌ಬ್ಯಾಕ್ ಬಿಟ್‌ಗಳು ಆ ಜಾಗಕ್ಕೆ ಏನೇನು ಆಗುತ್ತೆ ಅಂತ ಹೇಳ್ತವೆ, ಈಗ ಏನಿದೆ ಅಂತಲ್ಲ. ರಿಜಿಸ್ಟರ್ ಇರೋ ಪೇಜನ್ನ ನೀವೇ ಅನ್‌ಕ್ಯಾಶ್ಡ್ ಮಾಡಿ, ಫ್ರೇಮ್‌ಬಫರ್‌ಗೆ ರೈಟ್ ಕಂಬೈನಿಂಗ್ (ಬರೆಯೋದನ್ನ ಒಟ್ಟುಗೂಡಿಸಿ ಕಳಿಸೋ ವಿಧಾನ) ಹಾಕಿದ್ರೆ ಸ್ಕ್ರೀನ್ ಬರೆಯೋದು ಎಷ್ಟೋ ಫಾಸ್ಟ್ ಆಗುತ್ತೆ.

ಪ್ರಶ್ನೆ: ಯುಇಎಫ್‌ಐ ಮ್ಯಾಪ್ ಓದಿದ್ರೆ ಮೊದಲ ಎಂಟ್ರಿ ಸರಿ, ಆಮೇಲೆಲ್ಲ ಕಸ. ಯಾಕೆ?

ಉತ್ತರ: ಎಂಟ್ರಿಗೆ ಅಂತ ಕೋಡಲ್ಲಿ ಬರೆದಿರೋ ಸ್ಟ್ರಕ್ಟ್ ಸೈಜಿಂದ ಮುಂದೆ ಹೋಗ್ತಿದೀರ ಅನ್ಸುತ್ತೆ. ಸ್ಟ್ರಕ್ಟ್ 40 ಬೈಟ್ ಇದ್ರೂ ಎಷ್ಟೋ ಫರ್ಮ್‌ವೇರು ಎಂಟ್ರಿಗೆ 48 ಬೈಟ್ ಇಡುತ್ತೆ, ಬೇಕಂತಲೇ. ಮ್ಯಾಪ್ ಜೊತೆ ವಾಪಸ್ ಬರೋ ಡಿಸ್ಕ್ರಿಪ್ಟರ್ ಸೈಜನ್ನೇ (ಒಂದು ಎಂಟ್ರಿಯ ನಿಜವಾದ ಅಳತೆ) ಕೂಡಿಸ್ಕೊಂಡು ಹೋಗಿ.