ಕ್ರಿಸ್ಮಸ್ ಪ್ರಕಟಣೆಯಲ್ಲಿ ಏನಿರಬೇಕು?

(ಈ ತಿಂಗಳ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಬೀದರಿನ ನಿವೃತ್ತ ಶಾಲಾ ಶಿಕ್ಷಕಿ. ತಮ್ಮ ಚರ್ಚಿನ ಸಭೆಯ ಪ್ರಕಟಣೆಗಳನ್ನು ಬಹಳ ಕಾಲ ಬರೆದವರು, ಕ್ಯಾರೋಲ್ ತಂಡ ನಡೆಸಿದವರು.)

ಪ್ರಶ್ನೆ: ಅಕ್ಕಾ, ಈ ವರ್ಷ ಹಬ್ಬದ ಪ್ರಕಟಣೆ ಬರೆಯುವ ಹೊಣೆ ನನಗೆ ಬಂದಿದೆ. ಮನೆ ಮನೆಗೆ ಕ್ಯಾರೋಲ್, ಸಂಡೇ ಸ್ಕೂಲ್ ಮಕ್ಕಳ ನಾಟಕ, ಊಟ ಎಲ್ಲ ಇದೆ. ಹೋದ ವರ್ಷ ಇಷ್ಟೇ ಏರ್ಪಾಡು ಮಾಡಿದರೂ ಜನ ಬರಲಿಲ್ಲ. ಆ ಪ್ರಕಟಣೆಯನ್ನು ಇದರ ಜೊತೆ ಕಳುಹಿಸಿದ್ದೇನೆ. ಏನು ಬದಲಿಸಲಿ?
— ಓದುಗ, ಹುಮನಾಬಾದ್ ತಾಲ್ಲೂಕು

ತಮ್ಮಾ, ನಿಮ್ಮ ಹಳೆಯ ಪ್ರಕಟಣೆಯನ್ನು ಎರಡು ಸಲ ಓದಿದೆ. ಮೇಲಿನ ಅರ್ಧ ಪುಟದ ತುಂಬ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಅವರ ಹುದ್ದೆಗಳು. ಸಮಯ ಕೊನೆಯ ಸಾಲಿನಲ್ಲಿದೆ, ಅದೂ ಸಣ್ಣ ಅಕ್ಷರದಲ್ಲಿ. ಊಟ ಇದೆ ಎಂದು ಎಲ್ಲೂ ಬರೆದಿಲ್ಲ. ಬೇರೆ ಓಣಿಯವರು ಬರಬಹುದೇ ಎಂಬುದೂ ತಿಳಿಯುವುದಿಲ್ಲ. ಅದನ್ನು ಓದಿದವರಿಗೆ ಇದು ವೇದಿಕೆಯ ಮೇಲಿನವರ ಕಾರ್ಯಕ್ರಮ ಎಂದು ಅನ್ನಿಸಿರಬೇಕು. ಹಬ್ಬದ ಪ್ರಕಟಣೆ ಬರುವವರಿಗಾಗಿ ಬರೆಯುವಂಥದ್ದು. ಅತಿಥಿಗಳ ಹೆಸರು ಬೇಕೇ ಬೇಕೆಂದರೆ ಕೆಳಗೆ ಹಾಕಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಹಬ್ಬ ನಿಲ್ಲುವುದಿಲ್ಲ.

ದಿನ ಗೊತ್ತುಮಾಡುವ ಮುನ್ನ ನಮ್ಮ ಭಾಗದ ಡಿಸೆಂಬರ್ ಹೇಗಿರುತ್ತದೆ ಎಂದು ನೋಡಿಕೊಳ್ಳಿ. ತೊಗರಿ ಕೊಯ್ಲಿಗೆ ಬಂದಿರುತ್ತದೆ, ಕಬ್ಬು ಕಡಿಯುವ ಕೆಲಸ ನಡೆದಿರುತ್ತದೆ. ಸಂಜೆ ಐದಕ್ಕೆ ಕರೆದರೆ ಹೊಲದಿಂದ ಮನೆ ಸೇರದವರೇ ಹೆಚ್ಚು. ಎಳ್ಳ ಅಮಾವಾಸ್ಯೆ ಯಾವಾಗ ಬಂದಿದೆ ಎಂದು ಪಂಚಾಂಗ ನೋಡಿ. 2024ರಲ್ಲಿ ಅದು ಡಿಸೆಂಬರ್ 30ಕ್ಕಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಅಂದು ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಭೂತಾಯಿಗೆಂದು ಅಡುಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲುತ್ತದೆ. ನಮ್ಮವರನ್ನೂ ನೆರೆಯವರು ಹೊಲದ ಊಟಕ್ಕೆ ಕರೆದಿರುತ್ತಾರೆ. ಅದೇ ದಿನ ಮಕ್ಕಳ ನಾಟಕ ಇಟ್ಟುಕೊಂಡರೆ ನೋಡುವವರು ಯಾರು? ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರು ಊರಿಗೆ ಬರುವುದು ಸಾಮಾನ್ಯವಾಗಿ ಹಬ್ಬಕ್ಕೆ ಎರಡು ದಿನ ಮುಂಚೆ. ಮಕ್ಕಳ ನಾಟಕವನ್ನು ಅವರ ತಂದೆ ತಾಯಿಯೂ ನೋಡಬೇಕಲ್ಲವೇ? ಆದ್ದರಿಂದ 23ರ ರಾತ್ರಿ ಒಳ್ಳೆಯದು.

‘ನಾಳೆ ಸಂಜೆ’ ಎಂದು ಎಂದೂ ಬರೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಆ ‘ನಾಳೆ’ ನಾಲ್ಕು ದಿನ ತಿರುಗುತ್ತಿರುತ್ತದೆ. ತಾರೀಖು, ವಾರ ಎರಡನ್ನೂ ಹಾಕಿ. ‘ಸರಿಯಾಗಿ ಆರಕ್ಕೆ’ ಎಂದು ಬರೆದು ಎಂಟಕ್ಕೆ ಆರಂಭಿಸುವುದು ಬೇಡ. ಮುದುಕರು ಚಳಿಯಲ್ಲಿ ಎರಡು ಗಂಟೆ ಕುಳಿತಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬೀದರ್ ಜಿಲ್ಲೆಯ ಡಿಸೆಂಬರ್ ಚಳಿ ನಿಮಗೆ ಗೊತ್ತೇ ಇದೆ.

ಇಷ್ಟು ಸಾಕು:

‘ಡಿಸೆಂಬರ್ 23, ಬುಧವಾರ, ರಾತ್ರಿ 7ಕ್ಕೆ ನಮ್ಮ ಸಭೆಯ ಅಂಗಳದಲ್ಲಿ ಮಕ್ಕಳು ಯೇಸುವಿನ ಜನನದ ನಾಟಕ ಆಡುತ್ತಾರೆ. ಎಂಟೂವರೆಗೆ ಎಲ್ಲರಿಗೂ ಊಟ. ಮಾಂಸ ತಿನ್ನದವರಿಗೆ ಬೇರೆ ಒಲೆಯ ಅಡುಗೆ ಇದೆ. ಊರಿನ ಎಲ್ಲ ಓಣಿಯವರೂ ಬರಬೇಕು. ಹಾಸಿಕೊಳ್ಳಲು ಚಾಪೆ, ಹೊದೆಯಲು ಶಾಲು ತನ್ನಿ. ನಡೆಯಲಾಗದವರನ್ನು ಕರೆತರಲು ಆಟೊ ಇದೆ, ಈ ಸಂಖ್ಯೆಗೆ ಕರೆ ಮಾಡಿ.’

ಬರೆದ ಮೇಲೆ ಅಕ್ಷರ ಬಾರದ ಒಬ್ಬ ಅಜ್ಜಿಗೆ ಓದಿ ಹೇಳಿ. ಅವರು ಮತ್ತೆ ಕೇಳುವ ಪ್ರಶ್ನೆ ಯಾವುದೋ, ಅದರ ಉತ್ತರ ಪ್ರಕಟಣೆಯಲ್ಲಿ ಇಲ್ಲವೆಂದು ತಿಳಿಯಿರಿ. ಆಮೇಲೆ ಭಾನುವಾರದ ಆರಾಧನೆಯಲ್ಲಿ ಓದಿಸಿ, ಹಿಟ್ಟಿನ ಗಿರಣಿಯ ಬಾಗಿಲಿಗೆ ಒಂದು, ಬಸ್ ನಿಲ್ಲುವ ಕಡೆ ಒಂದು ಅಂಟಿಸಿ. ಪ್ಲಾಸ್ಟಿಕ್ ಫ್ಲೆಕ್ಸ್ ಮಾಡಿಸಬೇಡಿ, ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ. ಬಟ್ಟೆಯ ಮೇಲೆ ಬರೆಸಿದರೆ ತಾರೀಖು ಬದಲಿಸಿ ಬರುವ ವರ್ಷವೂ ಕಟ್ಟಬಹುದು. ನಮ್ಮ ಗಡಿಯ ಊರುಗಳಲ್ಲಿ ಮರಾಠಿ, ತೆಲುಗು, ಉರ್ದು ಆಡುವ ಮನೆಗಳಿವೆ. ಅವರ ಭಾಷೆಯಲ್ಲೂ ಒಂದು ಸಾಲು ಇದ್ದರೆ ಪ್ರೀತಿಯಿಂದ ಬರುತ್ತಾರೆ.

ಪ್ರಶ್ನೆ: ಕ್ಯಾರೋಲ್ ಹೋಗುವಾಗ ಟೆಂಪೊ ಮೇಲೆ ಧ್ವನಿವರ್ಧಕ ಕಟ್ಟಬಹುದೇ? ಎಷ್ಟು ಹೊತ್ತಿನವರೆಗೆ?
— ಯುವಕರ ತಂಡದವರು, ಯಾದಗಿರಿ

ಅನುಮತಿ ಪಡೆದು ಕಟ್ಟಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ನಿಮ್ಮ ದಿನ ಅದರಲ್ಲಿ ಸೇರಿದೆಯೇ ಎಂದು ಠಾಣೆಯಲ್ಲಿ ಕೇಳಿ, ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ಆಸ್ಪತ್ರೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಪೆಟ್ಟಿಗೆ ಬಂದ್ ಮಾಡಿ ಸುಮ್ಮನೆ ದಾಟಿ. ನನ್ನನ್ನು ಕೇಳಿದರೆ ಪೆಟ್ಟಿಗೆಯೇ ಬೇಡ. ಒಂದು ಡೋಲಕ್, ಒಂದು ಜೋಡಿ ತಾಳ, ಹತ್ತು ಕೊರಳು ಇದ್ದರೆ ಓಣಿ ತುಂಬುತ್ತದೆ. ಹಾಡಿನ ಮಾತೂ ಮನೆಯವರಿಗೆ ತಿಳಿಯುತ್ತದೆ.

ಪ್ರಶ್ನೆ: ಅಕ್ಕಾ, ನಮ್ಮ ಓಣಿಯ ಒಂದು ಮನೆಯಲ್ಲಿ ಆಗಸ್ಟ್‌ನಲ್ಲಿ ಹರೆಯದ ಮಗ ತೀರಿಕೊಂಡ. ಕ್ಯಾರೋಲ್ ತಂಡ ಆ ಮನೆಯನ್ನು ಬಿಟ್ಟು ಮುಂದೆ ಹೋಗಬೇಕು, ದುಃಖದ ಮನೆಯ ಮುಂದೆ ಹಾಡಬಾರದು ಎಂದು ಹಿರಿಯರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.
— ಓದುಗಿ, ಭಾಲ್ಕಿ

ತಂಗಿ, ನಿಮ್ಮ ಪತ್ರ ಓದಿ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಹಿರಿಯರು ಹೇಳುವುದರಲ್ಲಿ ಮರ್ಯಾದೆ ಇದೆ. ಸಾವಾದ ವರ್ಷ ನಮ್ಮಲ್ಲಿ ಮನೆಯವರು ಎಣ್ಣೆ ಬಾಣಲಿ ಇಡುವುದಿಲ್ಲ, ಚಕ್ಕುಲಿ ಕರಚಿಕಾಯಿ ಮಾಡುವುದಿಲ್ಲ, ನಕ್ಷತ್ರ ಕಟ್ಟುವುದಿಲ್ಲ. ಆದರೆ ಆ ತಾಯಿಯ ಕಡೆಯಿಂದ ನೋಡಿ. ಹಾಡು ಓಣಿಯ ತುದಿಯಿಂದ ಹತ್ತಿರ ಬರುತ್ತದೆ, ಪಕ್ಕದ ಮನೆಯವರೆಗೂ ಬಂದು ನಿಲ್ಲುತ್ತದೆ, ಆಮೇಲೆ ತನ್ನ ಬಾಗಿಲು ದಾಟಿದ ಮೇಲೆ ಮತ್ತೆ ಕೇಳಿಸುತ್ತದೆ. ಹೋದ ವರ್ಷ ಅದೇ ತಂಡದಲ್ಲಿ ಆ ಮಗನೂ ಹಾಡಿರಬಹುದು. ಆ ನಡುವಿನ ಮೌನ ಅವಳಿಗೆ ಎಷ್ಟು ಭಾರವಾದೀತು!

ಬಿಟ್ಟು ಹೋಗುವುದೋ ನಿಲ್ಲುವುದೋ ಎಂಬುದನ್ನು ತಂಡ ತೀರ್ಮಾನಿಸುವುದು ಬೇಡ. ಮನೆಯವರನ್ನೇ ಕೇಳಿ. ನಾಲ್ಕೈದು ದಿನ ಮುಂಚೆ ಇಬ್ಬರೇ ಹೋಗಿ. ಒಬ್ಬರು ಸಭಾಪಾಲಕರ ಮನೆಯವರೋ ಮಹಿಳಾ ಸಮಾಜದ ಹಿರಿಯರೋ ಆಗಿರಲಿ, ಇನ್ನೊಬ್ಬರು ಆ ಹುಡುಗನ ಗೆಳೆಯ. ಕೈಯಲ್ಲಿ ಏನೂ ಬೇಡ. ಕುಳಿತು, ಅವನ ಹೆಸರು ಹೇಳಿ ಮಾತನಾಡಿ. ಹೆಸರು ಎತ್ತಿದರೆ ಅಳುತ್ತಾರೆಂದು ಜನ ಹೆದರುತ್ತಾರೆ. ಯಾರೂ ಹೆಸರು ಎತ್ತದಿದ್ದರೆ ಆ ತಾಯಿ ಒಬ್ಬಳೇ ಅಳುತ್ತಾಳೆ. ಆಮೇಲೆ ನೇರವಾಗಿ ಕೇಳಿ: ‘ನಾವು ಆ ರಾತ್ರಿ ಬರುತ್ತೇವೆ. ನಿಮ್ಮ ಬಾಗಿಲಲ್ಲಿ ಹಾಡಲೋ, ಪ್ರಾರ್ಥನೆ ಮಾಡಿ ಹೋಗಲೋ, ಈ ವರ್ಷ ಬೇಡವೋ?’ ಏನೇ ಹೇಳಿದರೂ ಒಪ್ಪಿಕೊಳ್ಳಿ.

ಹಾಡಿ ಎಂದರೆ ಡೋಲಕ್ ಬೇಡ, ಸಾಂತಾಕ್ಲಾಸ್ ವೇಷದವರು ಓಣಿಯ ಮೂಲೆಯಲ್ಲೇ ನಿಲ್ಲಲಿ, ಒಂದೇ ಹಾಡು, ನಿಧಾನವಾದದ್ದು. ಕಾಣಿಕೆಯ ಡಬ್ಬಿ ಆ ಮನೆಯ ಮುಂದೆ ಹೊರಗೆ ತೆಗೆಯಲೇಬಾರದು. ಕಾರ್ಯಕ್ರಮ ಬರೆದ ಕಾಗದದಲ್ಲಿ ಮನೆಗಳ ಸರದಿ ಹಾಕುತ್ತೀರಲ್ಲ, ಅದರಿಂದ ಆ ಮನೆಯನ್ನು ಅಳಿಸಬೇಡಿ. ಬರಬೇಡಿ ಎಂದಿದ್ದರೂ ಅಳಿಸಬೇಡಿ. ಅಂದು ಆ ಬಾಗಿಲ ಮುಂದೆ ತಂಡ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹೋಗಲಿ. 25ರಂದು ಮಧ್ಯಾಹ್ನ ನಿಮ್ಮ ಮನೆಯ ಅನ್ನ ಸಾರು ಅವರಿಗೆ ಕೊಂಡೊಯ್ಯಿರಿ. ಅಂದು ಅಲ್ಲಿ ಒಲೆ ಹೊತ್ತುವುದೇ ಕಷ್ಟ.

ಪ್ರಶ್ನೆ: ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡಲು ಅಂಗಡಿಯ ಥರ್ಮೋಕೋಲ್ ಸಾಮಾನು ಕೊಳ್ಳಲು ನಮ್ಮ ಹತ್ತಿರ ಹಣವಿಲ್ಲ. ಹೊಲದ ವಸ್ತುಗಳಲ್ಲೇ ಮಾಡಿದರೆ ನಡೆಯುತ್ತದೆಯೇ?
— ಏಳನೆಯ ತರಗತಿಯ ವಿದ್ಯಾರ್ಥಿನಿ, ಔರಾದ್

ಅದೇ ಚೆಂದ ಮಗಳೇ! ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಗೋದಲಿಯನ್ನು ಏರ್ಪಡಿಸಿದಾಗ ಇಟ್ಟದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ನಿಮ್ಮೂರಲ್ಲಿ ಜೋಳದ ದಂಟಿದೆ, ತೊಗರಿ ಕಟ್ಟಿಗೆ ಇದೆ. ಕೆಮ್ಮಣ್ಣಿನಲ್ಲಿ ಕುರಿ, ಕುರುಬರನ್ನು ಮಾಡಿ, ಕುರುಬರ ಹೆಗಲಿಗೆ ಕಂಬಳಿಯ ತುಂಡು ಹೊದಿಸು. ಹದಿನೈದನೇ ತಾರೀಖಿನ ಸುಮಾರಿಗೆ ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ಗೋಧಿ ಬಿತ್ತಿ ದಿನವೂ ನೀರು ಚಿಮುಕಿಸು, ಹಬ್ಬದ ಹೊತ್ತಿಗೆ ಹಸಿರು ಹುಲ್ಲಾಗಿರುತ್ತದೆ. ಬಾಲಯೇಸುವನ್ನು 24ರ ರಾತ್ರಿಯೇ ಇಡಬೇಕು, ಅಲ್ಲಿಯವರೆಗೆ ತೊಟ್ಟಿಲು ಖಾಲಿ. ಒಣ ದಂಟಿನ ಹತ್ತಿರ ಮೇಣದ ಬತ್ತಿ ಮಾತ್ರ ಬೇಡ.

ಪ್ರಶ್ನೆ: ದೇಣಿಗೆ ಕೊಟ್ಟವರ ಹೆಸರು, ಮೊತ್ತವನ್ನು ಪ್ರಕಟಣೆಯಲ್ಲಿ ಹಾಕಬೇಕೇ?
— ಓದುಗ, ಚಿಟಗುಪ್ಪ

ಮೊತ್ತ ಬೇಡ. ಐದು ಸಾವಿರ ಕೊಟ್ಟವರ ಕೆಳಗೆ ಇಪ್ಪತ್ತು ರೂಪಾಯಿ ಕೊಟ್ಟ ಕೂಲಿಯ ತಾಯಿಯ ಹೆಸರು ಬಂದರೆ ಮರುವರ್ಷ ಆಕೆ ಕೊಡಲು ಹಿಂಜರಿಯುತ್ತಾಳೆ. ಹಬ್ಬ ಮುಗಿದ ಮೇಲೆ ಒಟ್ಟು ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ ಎಂದು ಫಲಕದ ಮೇಲೆ ಬರೆಯಿರಿ. ಇದನ್ನು ಬಿಡಲೇಬೇಡಿ.

ಪ್ರಶ್ನೆ: ನಾವು ಕಲಬುರಗಿಗೆ ಬಂದು ಒಂದು ವರ್ಷವೂ ಆಗಿಲ್ಲ. ಪಕ್ಕದ ಮನೆಯವರು ಕ್ರಿಸ್ಮಸ್ ಆರಾಧನೆಗೂ ಊಟಕ್ಕೂ ಕರೆದಿದ್ದಾರೆ. ನಮ್ಮದು ಲಿಂಗಾಯತ ಮನೆ, ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಹೋದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು?
— ಗೃಹಿಣಿ, ಕಲಬುರಗಿ

ಖಂಡಿತ ಹೋಗಿ ಅಕ್ಕಾ, ಅವರು ಬಾಯಿಮಾತಿಗೆ ಕರೆದಿರಲಾರರು. ಅವರು ಯಾವ ಸಭೆಯವರು ಎಂದು ಮೊದಲು ಕೇಳಿಕೊಳ್ಳಿ. ಕಥೋಲಿಕರಾದರೆ 24ರ ರಾತ್ರಿಯ ಬಲಿಪೂಜೆಯೇ (ಅವರ ಮುಖ್ಯ ಆರಾಧನೆ) ದೊಡ್ಡದು, ಚಳಿಗೆ ಶಾಲು ಬೇಕು. ಕಲಬುರಗಿ 2005ರಿಂದ ಅವರ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶದ, ಕೇಂದ್ರವೂ ಆಗಿರುವುದರಿಂದ ಅಲ್ಲಿ ಜನ ಹೆಚ್ಚು, ಬೇಗ ಹೋಗಿ. ಪ್ರೊಟೆಸ್ಟಂಟರ ಒಂದು ಪಂಗಡವಾದ ಮೆಥೋಡಿಸ್ಟರಾದರೆ 25ರ ಬೆಳಗಿನ ಆರಾಧನೆಗೆ ಕರೆದಿರಬಹುದು. ಜನ ಎದ್ದಾಗ ನೀವೂ ಎದ್ದು ನಿಲ್ಲಿ, ಕುಳಿತಾಗ ಕುಳಿತುಕೊಳ್ಳಿ, ಹಾಡು ಬಾರದಿದ್ದರೆ ಕೇಳಿ. ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರಕ್ಕೆ ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ನಿಮ್ಮ ಜಾಗದಲ್ಲೇ ಕುಳಿತಿರಿ. ಅದು ದೀಕ್ಷಾಸ್ನಾನ ಪಡೆದವರಿಗೆ ಇರುವಂಥದ್ದು, ನೀವು ಕುಳಿತದ್ದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಊಟದ ವಿಷಯವನ್ನು ಎರಡು ದಿನ ಮುಂಚೆಯೇ ಹೇಳಿಬಿಡಿ. ಮುಚ್ಚಿಟ್ಟುಕೊಂಡು ಹೋಗಿ ಎಲೆಯ ಮುಂದೆ ಸಂಕೋಚಪಟ್ಟರೆ ಬಡಿಸುವವರಿಗೂ ನೋವು. ಕೇಕಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಅದನ್ನೂ ಕೇಳಿಕೊಳ್ಳಿ. ಶಂಕರಪೋಳಿ, ಕರಚಿಕಾಯಿ ಹೇಗೂ ಇರುತ್ತವೆ. ಕೊಂಡೊಯ್ಯಲು ಒಂದು ಡಜನ್ ಬಾಳೆಹಣ್ಣು ಸಾಕು. ನಿಮ್ಮ ಮನೆಯ ಶೇಂಗಾ ಹೋಳಿಗೆ ಒಯ್ದರಂತೂ ಮಕ್ಕಳು ಅಂದು ಸಂಜೆಯೊಳಗೆ ಡಬ್ಬಿ ಖಾಲಿ ಮಾಡುತ್ತಾರೆ.