ಚೀನಾದ ಉದ್ಯಾನಗಳಲ್ಲಿ ಹಿರಿಯರು ನೆಲದ ಮೇಲೆ ನೀರಿನಿಂದ ಬರೆಯುವುದೇಕೆ?

ಬೀಜಿಂಗ್‌ನಲ್ಲಿ ನೆಲೆಸಿದ ಹೊರದೇಶದವರ ಕಣ್ಣಿಗೆ ಬೇಗನೆ ಬೀಳುವ ಈ ದೃಶ್ಯಕ್ಕೆ ಅಲ್ಲಿ ‘ದೀಶು’, ಅಂದರೆ ನೆಲದ ಬರಹ, ಎಂಬ ಹೆಸರಿದೆ. 1990ರ ದಶಕದಲ್ಲಿ ಆ ನಗರದ ಉದ್ಯಾನಗಳಿಂದಲೇ ಇದು ಉಳಿದೆಡೆಗೆ ಹಬ್ಬಿತು. ಶಾಯಿಗೂ ಕಾಗದಕ್ಕೂ ಖರ್ಚಿಲ್ಲ, ನಿಂತು ಬರೆಯುವುದರಿಂದ ಭುಜ, ಸೊಂಟ, ಕಾಲುಗಳಿಗೆಲ್ಲ ವ್ಯಾಯಾಮ. ನಿವೃತ್ತಿ ವಯಸ್ಸು ದಶಕಗಳ ಕಾಲ ಪುರುಷರಿಗೆ 60, ಮಹಿಳೆಯರಿಗೆ 50 ಅಥವಾ 55 ಇದ್ದುದರಿಂದ ಬೆಳಗಿನ ಬಿಡುವು ಇರುವವರೂ ಬಹಳ. ಬೀಜಿಂಗ್‌ನ ತಿಯಾನ್‌ತಾನ್ ಉದ್ಯಾನದಲ್ಲಿ ನಾನು ಕಂಡ ಒಬ್ಬ ಅಜ್ಜ, ತುದಿಗೆ ಸ್ಪಂಜು ಸಿಕ್ಕಿಸಿದ ಉದ್ದನೆಯ ಕೋಲನ್ನು ಬಕೆಟ್ಟಿನಲ್ಲಿ ಅದ್ದಿ, ಚಪ್ಪಡಿಗೊಂದರಂತೆ ಅಕ್ಷರಗಳನ್ನು ಮೂಡಿಸುತ್ತ, ಚೀನಾದ ಪ್ರಾಚೀನ ತಾಂಗ್ ರಾಜವಂಶದ ಕಾಲದ ಕವಿತೆಯೊಂದನ್ನು ಮೇಲಿನಿಂದ ಕೆಳಕ್ಕೆ, ಹಿಂದೆ ಸರಿಯುತ್ತ ಬರೆಯುತ್ತಿದ್ದರು. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲು ಬಿಸಿಲಿಗೆ ಆರಿಹೋಗಿತ್ತು. ಸುತ್ತ ನಿಂತವರು ಮಾತ್ರ ಅದನ್ನು ಗಟ್ಟಿಯಾಗಿ ಹೇಳುತ್ತಲೇ ಇದ್ದರು.